ಕಚ್ಚತೀವಿನ ಮಾತು ಸಾಕು, ಟ್ರಾಲ್ ಬಲೆಯ ಮಾತು ಬರಲಿ: ಇಬ್ಬರು ಸಚಿವರಿಗೆ ಬಹಿರಂಗ ಪತ್ರ

ಭಾರತ ಸರ್ಕಾರದ ಮಾನ್ಯ ವಿದೇಶಾಂಗ ಸಚಿವರಿಗೆ ಮತ್ತು ಮಾನ್ಯ ಮೀನುಗಾರಿಕೆ ಸಚಿವರಿಗೆ,

ಉಡುಪಿ ಜಿಲ್ಲೆಯ ಕರಾವಳಿಯ ನಾಗರಿಕನೊಬ್ಬನ ನಮಸ್ಕಾರಗಳು.

ರಾಮೇಶ್ವರದ ಮೀನುಗಾರರು ಶ್ರೀಲಂಕಾ ನೌಕಾಪಡೆಯ ಕೈಗೆ ಸಿಕ್ಕಿಬಿದ್ದ ಸುದ್ದಿ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಒಳಪುಟದ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಇಷ್ಟು ಜನರ ಬಂಧನ, ಇಷ್ಟು ಬೋಟುಗಳ ಜಪ್ತಿ, ತಮಿಳುನಾಡಿನ ಮುಖ್ಯಮಂತ್ರಿಗಳಿಂದ ದೆಹಲಿಗೆ ಪತ್ರ. ಕೆಲವು ವಾರಗಳು ಕಳೆದ ಮೇಲೆ ಬಿಡುಗಡೆಯ ಸುದ್ದಿಯೂ ಅಷ್ಟೇ ಚಿಕ್ಕದಾಗಿ ಬರುತ್ತದೆ. 2024ರ ಏಪ್ರಿಲ್ ತಿಂಗಳ ಮೊದಲ ದಿನ ವಿದೇಶಾಂಗ ಸಚಿವರೇ ಪತ್ರಿಕಾಗೋಷ್ಠಿಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಅದರ ಹಿಂದಿನ 20 ವರ್ಷಗಳಲ್ಲಿ ಶ್ರೀಲಂಕಾ 6,184 ಭಾರತೀಯ ಮೀನುಗಾರರನ್ನು ಬಂಧಿಸಿತ್ತು, 1,175 ಬೋಟುಗಳನ್ನು ವಶಪಡಿಸಿಕೊಂಡಿತ್ತು. 2024ರ ಒಂದೇ ವರ್ಷದಲ್ಲಿ ಸೆರೆಯಾದವರ ಸಂಖ್ಯೆ 500 ದಾಟಿತು. ಆದರೆ ಆ ಪತ್ರಿಕಾಗೋಷ್ಠಿಯ ವಿಷಯ ಮೀನುಗಾರಿಕೆಯಾಗಿರಲಿಲ್ಲ, ಕಚ್ಚತೀವು ಎಂಬ ದ್ವೀಪವನ್ನು ಯಾರು ಯಾರಿಗೆ ಬಿಟ್ಟುಕೊಟ್ಟರು ಎಂಬುದಾಗಿತ್ತು. ತಮಿಳುನಾಡಿನಲ್ಲಿ ಲೋಕಸಭಾ ಚುನಾವಣೆಯ ಮತದಾನಕ್ಕೆ ಆಗ ಮೂರು ವಾರವೂ ಉಳಿದಿರಲಿಲ್ಲ.

ಈ ಪತ್ರ ಬರೆಯುವುದಕ್ಕೆ ಕಾರಣವೇ ಅದು. ಭಾರತ ಮತ್ತು ಶ್ರೀಲಂಕಾಗಳ ನಡುವಿನ ಆ ಕಿರಿದಾದ ನೀರಿನಲ್ಲಿ ವರ್ಷವರ್ಷವೂ ಮರುಕಳಿಸುವ ಬಂಧನ, ಗಾಯ, ಸಾವುಗಳಿಗೆ ಮೂಲ ಒಂದು ದ್ವೀಪದ ಒಡೆತನವಲ್ಲ. ಅದರ ಮೂಲ ಸಮುದ್ರದ ತಳವನ್ನು ಕೆರೆದು ತರುವ ಟ್ರಾಲ್ ಬಲೆ. ಈ ಮಾತು ತಮ್ಮಿಬ್ಬರ ಸಚಿವಾಲಯಗಳ ಅಧಿಕಾರಿಗಳಿಗೂ ಚೆನ್ನಾಗಿ ಗೊತ್ತು, ಚೆನ್ನೈನಲ್ಲಿರುವವರಿಗೂ ಗೊತ್ತು. ಗೊತ್ತಿದ್ದೂ ಅದನ್ನು ವೇದಿಕೆಯ ಮೇಲೆ ನಿಂತು ಹೇಳುವವರಿಲ್ಲ.

ಧನುಷ್ಕೋಡಿಯ ತುದಿಯಿಂದ ಲಂಕೆಯ ತಲೈಮನ್ನಾರ್‌ಗೆ ಇರುವ ದೂರ ಸುಮಾರು 30 ಕಿಲೋಮೀಟರ್. 1914ರಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ಮದ್ರಾಸಿನಿಂದ ರೈಲು ಹತ್ತಿದವರು ಧನುಷ್ಕೋಡಿಯಲ್ಲಿ ಹಡಗಿಗೆ ಬದಲಾಗಿ, ಆಚೆ ದಡದಲ್ಲಿ ಮತ್ತೆ ರೈಲು ಹಿಡಿದು ಕೊಲಂಬೊ ಸೇರುತ್ತಿದ್ದರು. 1964ರ ಡಿಸೆಂಬರ್ ಚಂಡಮಾರುತ ಧನುಷ್ಕೋಡಿಯನ್ನೇ ಅಳಿಸಿಹಾಕಿತು, ರಾಮೇಶ್ವರದಿಂದ ಮುಂದುವರಿದ ಹಡಗನ್ನು ಎಂಬತ್ತರ ದಶಕದಲ್ಲಿ ಲಂಕೆಯ ಅಂತರ್ಯುದ್ಧ ನಿಲ್ಲಿಸಿತು. 2023ರ ಅಕ್ಟೋಬರ್‌ನಲ್ಲಿ ನಾಗಪಟ್ಟಣದಿಂದ ಕಾಂಗೇಸನ್‌ತುರೈಗೆ ಮತ್ತೆ ಪ್ರಯಾಣಿಕರ ಹಡಗು ಹೊರಟಾಗ ಎರಡೂ ಕಡೆ ಸಂಭ್ರಮವಿತ್ತು. ಎರಡೂ ದಡಗಳಲ್ಲಿ ಮನೆಮಾತು ತಮಿಳು, ಎರಡೂ ಕಡೆ ಕಡಲಿಗಿಳಿಯುವ ಸಮುದಾಯಗಳು ಹೆಚ್ಚುಕಡಿಮೆ ಒಂದೇ, ಎಷ್ಟೋ ಮನೆತನಗಳಿಗೆ ಆಚೆ ನೆಂಟರಿದ್ದಾರೆ. ಬಲೆ ಹರಿಸಿಕೊಂಡವನೂ ತಮಿಳು ಮೀನುಗಾರನೇ, ಅದನ್ನು ಹರಿದ ಟ್ರಾಲ್‌ಬೋಟಿನಲ್ಲಿರುವವನೂ ತಮಿಳು ಮೀನುಗಾರನೇ. ಇದನ್ನು ಸಿಂಹಳ ಸರ್ಕಾರ ಮತ್ತು ತಮಿಳು ಮೀನುಗಾರರ ನಡುವಿನ ಜಗಳವೆಂದು ಮಾತ್ರ ತೋರಿಸುವ ನಮ್ಮ ಟಿವಿ ಚರ್ಚೆಗಳು ಲಂಕೆಯ ಉತ್ತರದ ಯಾಳ್ಪಾಣದ (ಜಾಫ್ನಾದ) ಮೀನುಗಾರನನ್ನು ಚಿತ್ರದಿಂದಲೇ ಹೊರಗಿಟ್ಟಿವೆ.

ಕಚ್ಚತೀವಿನ ವಿಚಾರವನ್ನು ಒಮ್ಮೆ ನೇರವಾಗಿ ನೋಡಿ ಮುಗಿಸೋಣ. 285 ಎಕರೆಯ ಆ ದ್ವೀಪದಲ್ಲಿ ಕುಡಿಯುವ ನೀರಿಲ್ಲ, ಕಾಯಂ ವಸತಿಯಿಲ್ಲ. ಸಂತ ಅಂತೋಣಿಯವರ ಚರ್ಚ್ ಇದೆ, ವರ್ಷಕ್ಕೊಮ್ಮೆ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಎರಡೂ ದೇಶಗಳ ಭಕ್ತರು ಸೇರುವ ಹಬ್ಬವಿದೆ. 1974ರ ಜೂನ್‌ನಲ್ಲಿ ಇಂದಿರಾ ಗಾಂಧಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಸಹಿ ಹಾಕಿದ ಒಪ್ಪಂದ ಎರಡು ದೇಶಗಳ ನಡುವಿನ ಪಾಕ್ (Palk) ಕೊಲ್ಲಿಯಲ್ಲಿ ಗಡಿರೇಖೆ ಎಳೆದು ದ್ವೀಪವನ್ನು ಲಂಕೆಯ ಕಡೆಗೆ ಬಿಟ್ಟಿತು. ಅದರ ಐದನೆಯ ವಿಧಿ ನಮ್ಮ ಮೀನುಗಾರರೂ ಯಾತ್ರಿಕರೂ ಪಾಸ್‌ಪೋರ್ಟ್, ವೀಸಾಗಳಿಲ್ಲದೆ ಹಿಂದಿನಂತೆಯೇ ಅಲ್ಲಿಗೆ ಹೋಗಿಬರಬಹುದು ಎಂದಿತು. ಆರನೆಯ ವಿಧಿ ಎರಡೂ ದೇಶಗಳ ದೋಣಿಗಳಿಗೆ ಪರಸ್ಪರರ ನೀರಿನಲ್ಲಿ ಮೊದಲಿನಿಂದ ಇದ್ದ ಹಕ್ಕುಗಳನ್ನು ಉಳಿಸಿತು. ಅದಾಗಿ ಎರಡು ವರ್ಷ ತುಂಬುವ ಮೊದಲೇ, 1976ರ ಮಾರ್ಚ್‌ನಲ್ಲಿ, ಮನ್ನಾರ್ ಖಾರಿ ಮತ್ತು ಬಂಗಾಳ ಕೊಲ್ಲಿಯ ಗಡಿಗಳನ್ನು ಗುರುತಿಸಿದಾಗ ಎರಡು ಸರ್ಕಾರಗಳ ಅಧಿಕಾರಿಗಳು ವಿನಿಮಯ ಮಾಡಿಕೊಂಡ ಪತ್ರಗಳು ಒಂದು ದೇಶದವರು ಇನ್ನೊಂದು ದೇಶದ ನೀರಿನಲ್ಲಿ ಸ್ಪಷ್ಟ ಅನುಮತಿಯಿಲ್ಲದೆ ಮೀನು ಹಿಡಿಯಬಾರದು ಎಂದು ಬಾಗಿಲು ಹಾಕಿದವು. ಆಗ ತುರ್ತುಪರಿಸ್ಥಿತಿ ಜಾರಿಯಲ್ಲಿತ್ತು, ತಮಿಳುನಾಡಿನಲ್ಲಿ ಚುನಾಯಿತ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಲಾಗಿತ್ತು. ಕಡಲಿಗಿಳಿಯುವವರನ್ನು ಯಾರೂ ಕೇಳಲಿಲ್ಲ ಎಂಬ ಅಲ್ಲಿನವರ ಸಿಟ್ಟು ನ್ಯಾಯವಾದದ್ದೇ.

ಆದರೆ ಅದೇ ಮಾತುಕತೆಯಲ್ಲಿ ಕನ್ಯಾಕುಮಾರಿಯ ದಕ್ಷಿಣಕ್ಕಿರುವ ವಾಡ್ಜ್ ಬ್ಯಾಂಕ್ ಎಂಬ ಸಮೃದ್ಧ ಮೀನಿನ ನೆಲೆ ಭಾರತದ ಪಾಲಿಗೆ ಬಂದದ್ದನ್ನು ಕಚ್ಚತೀವಿನ ಬಗ್ಗೆ ಗುಡುಗುವವರು ಮರೆತೂ ನೆನೆಯುವುದಿಲ್ಲ. 2025ರ ಏಪ್ರಿಲ್‌ನಲ್ಲಿ ತಮಿಳುನಾಡು ವಿಧಾನಸಭೆ ದ್ವೀಪವನ್ನು ಮರಳಿ ಪಡೆಯಬೇಕೆಂದು ಮತ್ತೊಮ್ಮೆ ನಿರ್ಣಯ ಅಂಗೀಕರಿಸಿತು. ದ್ವೀಪ ನಾಳೆಯೇ ನಮ್ಮದಾಯಿತೆಂದು ಇಟ್ಟುಕೊಳ್ಳೋಣ. ಈಗಿನ ಗಡಿರೇಖೆ ದ್ವೀಪದ ಪಶ್ಚಿಮ ದಡದಿಂದ ಒಂದು ಮೈಲಿಯಾಚೆ ಹಾದುಹೋಗುತ್ತದೆ. ಅದು ದ್ವೀಪದ ಪೂರ್ವಕ್ಕೆ ಸರಿದರೆ ಸಿಗುವುದು ಇನ್ನೊಂದಿಷ್ಟು ನೀರು ಮಾತ್ರ. ನಮ್ಮ ಟ್ರಾಲ್‌ಬೋಟುಗಳು ಸಿಕ್ಕಿಬೀಳುತ್ತಿರುವುದು ಬರೀ ಕಚ್ಚತೀವಿನ ಸುತ್ತಮುತ್ತ ಅಲ್ಲ. ಲಂಕೆಯ ನೆಡುಂತೀವು (ಡೆಲ್ಫ್ಟ್) ದ್ವೀಪದ ಬಳಿ, ಮನ್ನಾರ್ ಬಳಿ, ಯಾಳ್ಪಾಣದ ಉತ್ತರ ತೀರದಲ್ಲೂ ಸಿಕ್ಕಿಬೀಳುತ್ತಿವೆ. ದ್ವೀಪ ಬಂದರೂ ಬಂಧನ ನಿಲ್ಲುವುದಿಲ್ಲ.

ಟ್ರಾಲ್ ಬಲೆಯನ್ನು ನೋಡದವರಿಗಾಗಿ ಎರಡು ಮಾತು. ಚೀಲದ ಆಕಾರದ ಈ ಬಲೆಯ ಬಾಯಿಯನ್ನು ಎರಡು ಭಾರವಾದ ಹಲಗೆಗಳು ಅಗಲವಾಗಿ ತೆರೆದಿಡುತ್ತವೆ. ಕೆಳಗಿನ ಹಗ್ಗಕ್ಕೆ ಸರಪಳಿಯನ್ನೋ ಸೀಸದ ಗುಂಡುಗಳನ್ನೋ ಕಟ್ಟಿ, ಅದು ತಳಕ್ಕೆ ತಾಗಿಕೊಂಡೇ ಸಾಗುವಂತೆ ಬೋಟಿನಿಂದ ಗಂಟೆಗಟ್ಟಲೆ ಎಳೆಯುತ್ತಾರೆ. ಗುರಿ ಸಿಗಡಿ, ಏಕೆಂದರೆ ರಫ್ತಿನ ದರವಿರುವುದು ಅದಕ್ಕೆ. ಬಲೆಗೆ ಬರುವುದು ಮಾತ್ರ ತಳದಲ್ಲಿದ್ದದ್ದೆಲ್ಲ: ಮರಿಮೀನು, ಏಡಿ, ಕಡಲಹುಲ್ಲು, ಹವಳದ ಚೂರು. ತಿನ್ನಲು ಬಾರದ ಪಾಲು ಮೀನುಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಪಾಕ್ ಕೊಲ್ಲಿಯ ಆಳ ಹೆಚ್ಚಿನ ಕಡೆ ಹದಿನೈದು ಮೀಟರ್ ದಾಟುವುದಿಲ್ಲ. ಇಷ್ಟು ತೆಳುವಾದ ನೀರಿನಲ್ಲಿ, ಬಿಸಿಲು ತಳದವರೆಗೂ ಇಳಿದು ಕಡಲಹುಲ್ಲು ಬೆಳೆಯುವ ಜಾಗದಲ್ಲಿ, ಸಾವಿರಾರು ಬೋಟುಗಳು ವಾರಕ್ಕೆ ಮೂರು ದಿನ ತಳ ಗುಡಿಸಿದರೆ ಏನುಳಿದೀತು? ಆ ಹುಲ್ಲನ್ನೇ ಮೇಯುವ ಕಡಲಹಸುವಿಗಾಗಿ (ಡುಗಾಂಗ್) ತಮಿಳುನಾಡು ಸರ್ಕಾರ 2022ರಲ್ಲಿ ಇದೇ ಪಾಕ್ ಕೊಲ್ಲಿಯಲ್ಲಿ 448 ಚದರ ಕಿಲೋಮೀಟರ್ ಸಂರಕ್ಷಿತ ಪ್ರದೇಶವನ್ನು ಘೋಷಿಸಿತು. ಹೊಗಳಬೇಕಾದ ಕೆಲಸ. ಒಂದು ಇಲಾಖೆ ಹುಲ್ಲು ಕಾಯುತ್ತದೆ, ಪಕ್ಕದ ಇಲಾಖೆ ಹುಲ್ಲು ಕೀಳುವ ಬೋಟಿಗೆ ತೆರಿಗೆ ವಿನಾಯಿತಿಯ ಡೀಸೆಲ್ ಕೊಡುತ್ತದೆ.

ಈ ಬೋಟುಗಳನ್ನು ಮೀನುಗಾರರು ತಾವಾಗಿ ಕಂಡುಹಿಡಿದು ತಂದವರಲ್ಲ. ಐವತ್ತರ ದಶಕದಲ್ಲಿ ನಾರ್ವೆಯ ನೆರವಿನ ಯೋಜನೆ ಕೇರಳದಲ್ಲಿ ಶುರುವಾಗಿ ಯಂತ್ರದ ದೋಣಿಗಳು ಬಂದವು, ಮುಂದೆ ಸಿಗಡಿಯ ರಫ್ತು ಏರಿದಂತೆ ಸರ್ಕಾರಗಳೇ ಸಾಲ, ಸಹಾಯಧನ ಕೊಟ್ಟು ಟ್ರಾಲ್‌ಬೋಟುಗಳನ್ನು ಹೆಚ್ಚಿಸಿದವು. ತಮಿಳುನಾಡಿನ 1983ರ ಕಾನೂನು ದಡದಿಂದ ಮೂರು ನಾಟಿಕಲ್ ಮೈಲಿಯವರೆಗಿನ ನೀರನ್ನು ನಾಡದೋಣಿಗಳಿಗೆ ಮೀಸಲಿಟ್ಟಿತು. ಪಾಕ್ ಕೊಲ್ಲಿಯಲ್ಲಿ ಜಗಳ ತಪ್ಪಿಸಲು ವಾರದ ಮೂರು ದಿನ ಟ್ರಾಲ್‌ಬೋಟುಗಳಿಗೆ, ನಾಲ್ಕು ದಿನ ನಾಡದೋಣಿಗಳಿಗೆ ಎಂಬ ಪದ್ಧತಿಯೂ ಬಂತು. ಆ ಮೂರು ಮೈಲಿಯನ್ನೂ ಗಡಿರೇಖೆಯನ್ನೂ ಕಳೆದರೆ ರಾಮೇಶ್ವರದ ಟ್ರಾಲ್‌ಬೋಟಿಗೆ ಉಳಿಯುವುದು ಒಂದು ಸಣ್ಣ ಪಟ್ಟಿ, ಅದರಲ್ಲೂ ಕೆಲವು ಕಡೆ ಬಲೆ ಎಳೆಯಲಾಗದ ಬಂಡೆ. ಅಷ್ಟು ಬೋಟುಗಳು ದುಡಿದು ಉಳಿಯುವಷ್ಟು ನೀರು ನಮ್ಮ ಬದಿಯಲ್ಲಿ ಯಾವತ್ತೂ ಇರಲಿಲ್ಲ. ಹೀಗಿದ್ದೂ ಅವು ಉಳಿದದ್ದು ಹೇಗೆಂದರೆ, 1983ರಿಂದ 2009ರವರೆಗಿನ ಯುದ್ಧಕಾಲದಲ್ಲಿ ಲಂಕೆಯ ಉತ್ತರದ ಮೀನುಗಾರರಿಗೆ ಅವರದೇ ಸೇನೆ ಕಡಲಿಗಿಳಿಯಲು ಬಿಡಲಿಲ್ಲ. ಅವರ ಕಡಲಲ್ಲಿ ಅವರ ದೋಣಿಗಳೇ ಇಲ್ಲದಿದ್ದಾಗ ನಮ್ಮವರು ಅಲ್ಲಿ ಬಲೆ ಎಳೆದರು. ಗುಂಡಿಗೆ ಸಿಕ್ಕಿ ಪ್ರಾಣ ಕಳೆದುಕೊಂಡವರೂ ಅನೇಕರು. ಆ ಅಪಾಯದ ನಡುವೆಯೇ ಒಂದು ಇಡೀ ಉದ್ಯಮ ಬೇರೆಯವರ ನೀರನ್ನು ನಂಬಿ ಬೆಳೆಯಿತು.

2009ರ ನಂತರ ಆಚೆ ದಡದವರು ತಮ್ಮ ಕಡಲಿಗೆ ಮರಳಿದರು. ಶಿಬಿರಗಳಿಂದ ಹೊರಬಂದು, ಸಾಲ ಮಾಡಿ ಫೈಬರ್ ದೋಣಿ, ಹೊರಗೆ ಕಟ್ಟುವ ಇಂಜಿನ್, ಒಂದಿಷ್ಟು ಬೀಡುಬಲೆ ಹೊಂದಿಸಿಕೊಂಡವರು ಅವರು. ರಾತ್ರಿ ಬಿಟ್ಟ ಬಲೆಯನ್ನು ಬೆಳಿಗ್ಗೆ ಎಳೆಯಲು ಹೋದರೆ ನಮ್ಮ ಟ್ರಾಲ್‌ಬೋಟು ಅದನ್ನು ಕೊಚ್ಚಿಕೊಂಡು ಹೋಗಿರುತ್ತದೆ. ನಮ್ಮ ಬೋಟುಗಳು ಬರುವ ರಾತ್ರಿಗಳಲ್ಲಿ ಕಡಲಿಗಿಳಿಯದೆ ಮನೆಯಲ್ಲೇ ಉಳಿಯುವವರು ಯಾಳ್ಪಾಣ, ಮನ್ನಾರ್ ಜಿಲ್ಲೆಗಳಲ್ಲಿ ಬೇಕಾದಷ್ಟು ಜನ. ಶ್ರೀಲಂಕಾ ಸಂಸತ್ತು 2017ರಲ್ಲಿ ತಳ ಕೆರೆಯುವ ಟ್ರಾಲಿಂಗ್ ಅನ್ನು ತನ್ನ ದೇಶದಲ್ಲಿ ಪೂರ್ತಿ ನಿಷೇಧಿಸಿತು, ಮರುವರ್ಷ ವಿದೇಶಿ ಬೋಟುಗಳ ದಂಡವನ್ನು ಬಹಳ ಏರಿಸಿತು. 2024ರ ಡಿಸೆಂಬರ್‌ನಲ್ಲಿ ದೆಹಲಿಗೆ ಬಂದ ಅಲ್ಲಿನ ಅಧ್ಯಕ್ಷರು ನಮ್ಮ ಪ್ರಧಾನಿಯವರ ಪಕ್ಕದಲ್ಲಿ ನಿಂತೇ ಈ ಟ್ರಾಲಿಂಗ್ ನಿಲ್ಲಬೇಕು, ಅದು ಮೀನುಗಾರಿಕೆಯನ್ನೇ ನಾಶ ಮಾಡುತ್ತದೆ ಎಂದು ಹೇಳಿದರು. ನಮ್ಮ ಕಡೆಯ ಉತ್ತರ ಎಂದಿನಂತೆ ಮಾನವೀಯ ದೃಷ್ಟಿಯಿಂದ ನೋಡಬೇಕು ಎಂಬುದಷ್ಟೇ. ಮಾನವೀಯತೆ ಬೇಕು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಬಲೆ ಕಳೆದುಕೊಂಡ ಮನ್ನಾರಿನವನ ಪಾಲಿಗೂ ಅದು ಬೇಕು.

ಪ್ರಾಣಹಾನಿಯ ಪಟ್ಟಿಯೂ ಎರಡೂ ಕಡೆಯದು. 2021ರ ಜನವರಿಯಲ್ಲಿ ಲಂಕಾ ನೌಕಾಪಡೆಯ ಹಡಗಿನೊಡನೆ ನಡೆದ ಘರ್ಷಣೆಯಲ್ಲಿ ಬೋಟಿನಲ್ಲಿದ್ದ ನಾಲ್ವರು ಸತ್ತರು. 2024ರ ಜೂನ್‌ನಲ್ಲಿ ಭಾರತದ ಟ್ರಾಲ್‌ಬೋಟು ಹಿಡಿಯಲು ಹೋದ ಲಂಕೆಯ ನಾವಿಕನೊಬ್ಬ ಪ್ರಾಣ ಬಿಟ್ಟ. ಅದೇ ವರ್ಷದ ಆಗಸ್ಟ್‌ನಲ್ಲಿ ರಾಮೇಶ್ವರದ ಮೀನುಗಾರನೊಬ್ಬ ಸತ್ತ. 2025ರ ಜನವರಿಯಲ್ಲಿ ನೌಕಾಪಡೆಯ ಗುಂಡಿಗೆ ನಮ್ಮವರು ಗಾಯಗೊಂಡರು. ನಿರಾಯುಧ ಮೀನುಗಾರರ ಮೇಲೆ ಗುಂಡು ಹಾರಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ, ಈ ವಿಷಯದಲ್ಲಿ ಭಾರತ ತೋರಿದ ಪ್ರತಿಭಟನೆಗೆ ನನ್ನ ಪೂರ್ಣ ಬೆಂಬಲವಿದೆ.

ಕರ್ನಾಟಕದವನಿಗೆ ಇದರಲ್ಲೇನು ಕೆಲಸ ಎಂದು ಯಾರಾದರೂ ಕೇಳಬಹುದು. ನಮ್ಮ ಕರಾವಳಿ ಈ ಕಥೆಯನ್ನು ಬೇರೆ ಹೆಸರುಗಳಲ್ಲಿ ಕಂಡಿದೆ. ಎಪ್ಪತ್ತರ ದಶಕದ ಕೊನೆಗೆ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸಿನ್ ಬೋಟುಗಳು ಬಂದ ಮೇಲೆ, ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಕೇಂದ್ರ ಸರ್ಕಾರ 2017ರಲ್ಲಿ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಬೆಳಕಿನ ಮೀನುಗಾರಿಕೆಯನ್ನೂ ನಿಷೇಧಿಸಿದರೂ ನಾಡದೋಣಿಯವರು ಅದನ್ನು ಜಾರಿ ಮಾಡಿ ಎಂದು ಇವತ್ತಿಗೂ ಮನವಿ ಕೊಡುತ್ತಲೇ ಇದ್ದಾರೆ. ಇನ್ನೂ ಹತ್ತಿರದ ಸಂಗತಿಯೆಂದರೆ, ಮಲ್ಪೆಯ ವೇಗದ ಟ್ರಾಲ್‌ಬೋಟುಗಳು ತಮ್ಮ ದಡದ ನೀರಿಗೆ ನುಗ್ಗಿ ಬಲೆ ಹರಿಯುತ್ತವೆ ಎಂದು ಮಹಾರಾಷ್ಟ್ರದ ಮಾಲ್ವಣದ ಸಾಂಪ್ರದಾಯಿಕ ಮೀನುಗಾರರು ವರ್ಷಗಳಿಂದ ದೂರುತ್ತಿದ್ದಾರೆ, ಅಲ್ಲಿನ ಇಲಾಖೆ ನಮ್ಮ ಬೋಟುಗಳನ್ನು ಹಿಡಿದು ದಂಡ ಹಾಕಿದ್ದೂ ಇದೆ. ಅಲ್ಲಿ ಅಂತಾರಾಷ್ಟ್ರೀಯ ಗಡಿಯಿಲ್ಲ, ನೌಕಾಪಡೆಯಿಲ್ಲ, ಬಿಟ್ಟುಕೊಟ್ಟ ದ್ವೀಪವೂ ಇಲ್ಲ. ಆದರೂ ಜಗಳ ಅದೇ. ಆದ್ದರಿಂದಲೇ ಇದು ಗಡಿಯ ಜಗಳಕ್ಕಿಂತ ಮೊದಲು ಬಲೆಯ ಜಗಳ ಎನ್ನುತ್ತೇನೆ.

ಮಾನ್ಯ ಮೀನುಗಾರಿಕೆ ಸಚಿವರೇ, ತಮ್ಮ ಸರ್ಕಾರಕ್ಕೆ ಈ ಸತ್ಯ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿ 2017ರಲ್ಲಿ ರಾಮೇಶ್ವರದಲ್ಲಿ ಚಾಲನೆ ಕೊಟ್ಟ ಯೋಜನೆ. ಪಾಕ್ ಕೊಲ್ಲಿಯ 2,000 ಟ್ರಾಲ್‌ಬೋಟುಗಳನ್ನು ಮೂರು ವರ್ಷಗಳಲ್ಲಿ ತೆಗೆದು, ಆಳಸಮುದ್ರದಲ್ಲಿ ಗಾಳದಿಂದ ಟ್ಯೂನ ಹಿಡಿಯುವ ಬೋಟುಗಳನ್ನು ಕೊಡುವುದು ಅದರ ಉದ್ದೇಶ. ಒಂದು ಬೋಟಿಗೆ 80 ಲಕ್ಷ ರೂಪಾಯಿ. ಅರ್ಧ ಕೇಂದ್ರದ್ದು, ಶೇ 20 ರಾಜ್ಯದ್ದು, ಶೇ 20 ಬ್ಯಾಂಕ್ ಸಾಲ, ಉಳಿದ ಶೇ 10 ಮೀನುಗಾರನದು. ಗುರಿ ಸಾವಿರಗಳದ್ದಾದರೂ ನೀರಿಗಿಳಿದ ಬೋಟುಗಳು ಕೆಲವು ಹತ್ತುಗಳನ್ನು ದಾಟಲಿಲ್ಲ. ಸಂಜೆ ಹೊರಟು ಮರುದಿನ ದಡ ಸೇರುವ ಅಭ್ಯಾಸದ ತಾಂಡೇಲನನ್ನು (ಬೋಟು ನಡೆಸುವವನನ್ನು) ವಾರಗಟ್ಟಲೆ ಆಳಸಮುದ್ರದಲ್ಲಿ ಇರು ಎಂದರೆ ಅವನಿಗೆ ಬೋಟು ಕೊಟ್ಟರಷ್ಟೇ ಸಾಲದು. ಗಾಳದ ಕಸುಬು ಕಲಿಯಬೇಕು, ಹಿಡಿದ ಟ್ಯೂನವನ್ನು ಕೆಡದಂತೆ ಇಡುವ ಮಂಜುಗಡ್ಡೆ ಬೇಕು, ಕೊಳ್ಳುವ ಮಾರುಕಟ್ಟೆ ಬೇಕು, ಮೊದಲ ಒಂದೆರಡು ವರ್ಷದ ನಷ್ಟ ಹೊರುವವರು ಬೇಕು. 8 ಲಕ್ಷ ಕೈಯಿಂದ ಹಾಕಿ 16 ಲಕ್ಷ ಸಾಲ ಹೊತ್ತುಕೊಂಡು ಇವೆಲ್ಲ ಇಲ್ಲದ ಕಸುಬಿಗೆ ಹಾರುವ ಧೈರ್ಯ ಎಷ್ಟು ಜನರಿಗೆ ಇದ್ದೀತು? ಇನ್ನು ಬೋಟಿನಲ್ಲಿ ದುಡಿಯುವ ಕಲಾಸಿಗಳ ಹೆಸರೇ ಆ ಯೋಜನೆಯಲ್ಲಿರಲಿಲ್ಲ. ಲಂಕೆಯ ಜೈಲಿಗೆ ಹೋಗುವವರು ಅವರೇ. ಮಾಲೀಕ ದಡದಲ್ಲಿರುತ್ತಾನೆ.

ಮಾನ್ಯ ವಿದೇಶಾಂಗ ಸಚಿವರೇ, 2016ರ ನವೆಂಬರ್‌ನಲ್ಲಿ ಎರಡು ದೇಶಗಳು ಸೇರಿ ಮೀನುಗಾರಿಕೆಯ ಜಂಟಿ ಕಾರ್ಯಪಡೆ ರಚಿಸಿದಾಗ ಅದು ಮೂರು ತಿಂಗಳಿಗೊಮ್ಮೆ ಸೇರಬೇಕೆಂದು ಮಾತಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಲಂಬೊದಲ್ಲಿ ನಡೆದದ್ದು ಅದರ ಆರನೆಯ ಸಭೆ. ಎಂಟು ವರ್ಷಕ್ಕೆ ಆರು ಸಭೆ. ಅಧಿಕಾರಿಗಳಿಗಿಂತ ಮೊದಲೇ ಮೀನುಗಾರರು ಒಂದು ದಾರಿ ಹುಡುಕಿದ್ದರು ಎಂಬುದನ್ನೂ ನೆನಪಿಸಬೇಕು. 2010ರಲ್ಲಿ ಲಂಕೆಯ ಉತ್ತರದ ಮೀನುಗಾರರ ಪ್ರತಿನಿಧಿಗಳು ತಮಿಳುನಾಡಿಗೆ ಬಂದು ಇಲ್ಲಿನವರೊಡನೆ ಕೂತು ಮಾತಾಡಿ, ವರ್ಷಕ್ಕೆ 70 ದಿನಗಳ ಮಿತಿಯೊಡನೆ ಟ್ರಾಲಿಂಗ್ ಅನ್ನು ಸ್ವಲ್ಪ ಕಾಲ ಸಹಿಸಿಕೊಂಡು ಒಂದು ವರ್ಷದಲ್ಲಿ ಅದನ್ನು ನಿಲ್ಲಿಸುವ ತಿಳಿವಳಿಕೆಗೆ ಬಂದಿದ್ದರು. ಬಲೆ ಕಳೆದುಕೊಂಡವರೇ ಇಷ್ಟು ಔದಾರ್ಯ ತೋರಿದ ಆ ಮಾತಿಗೆ ಎರಡು ಸರ್ಕಾರಗಳಲ್ಲಿ ಒಂದೂ ಮುದ್ರೆ ಒತ್ತಲಿಲ್ಲ.

ಕಿರಿದಾದ ಕಡಲನ್ನು ಹಂಚಿಕೊಳ್ಳುವ ವ್ಯವಸ್ಥೆ ಜಗತ್ತಿನಲ್ಲಿ ಇಲ್ಲದ್ದೇನಲ್ಲ. ಆಸ್ಟ್ರೇಲಿಯಾ ಮತ್ತು ಪಪುವಾ ನ್ಯೂಗಿನಿಯ ನಡುವಿನ ಟಾರೆಸ್ ಜಲಸಂಧಿಯಲ್ಲಿ ಆಸ್ಟ್ರೇಲಿಯಾದ ಕೆಲವು ದ್ವೀಪಗಳು ಪಪುವಾದ ದಡದಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿವೆ. 1978ರಲ್ಲಿ ಸಹಿಯಾಗಿ 1985ರಲ್ಲಿ ಜಾರಿಗೆ ಬಂದ ಒಪ್ಪಂದದಲ್ಲಿ ಆ ಎರಡು ದೇಶಗಳು ಕಡಲತಳಕ್ಕೆ ಒಂದು ಗೆರೆ, ಮೀನುಗಾರಿಕೆಗೆ ಇನ್ನೊಂದು ಗೆರೆ ಎಳೆದುಕೊಂಡವು. ನಡುವೆ ಒಂದು ಸಂರಕ್ಷಿತ ವಲಯವನ್ನಿಟ್ಟು, ಅಲ್ಲಿನ ಮೂಲ ನಿವಾಸಿಗಳು ಪಾಸ್‌ಪೋರ್ಟ್ ಇಲ್ಲದೆ ಓಡಾಡಿಕೊಂಡು ತಮ್ಮ ಹಿಂದಿನ ಪದ್ಧತಿಯಲ್ಲೇ ಮೀನು ಹಿಡಿಯಬಹುದು ಎಂದವು. ವ್ಯಾಪಾರಿ ಮೀನುಗಾರಿಕೆಗೆ ಬೇರೆಯದೇ ಪಾಲುಲೆಕ್ಕ. ಸಾರ್ವಭೌಮತ್ವ ಯಾರದೂ ಕರಗಲಿಲ್ಲ. 1974ರ ನಮ್ಮ ಒಪ್ಪಂದದ ಐದು ಮತ್ತು ಆರನೆಯ ವಿಧಿಗಳಲ್ಲಿ ಇಂಥದೇ ಒಂದು ಬೀಜವಿತ್ತು, 1976ರ ಪತ್ರಗಳು ಅದನ್ನು ಚಿವುಟಿದವು.

ಟ್ರಾಲ್‌ಬೋಟು ಇರುವವರೆಗೆ ಇಂಥ ಯಾವ ಏರ್ಪಾಡಿಗೂ ಲಂಕೆಯವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದ್ದರಿಂದ ಮೊದಲ ಹೆಜ್ಜೆ ನಮ್ಮದೇ ಆಗಬೇಕು. ಪಾಕ್ ಕೊಲ್ಲಿಯಲ್ಲಿ ಟ್ರಾಲಿಂಗ್ ನಿಲ್ಲುವ ಒಂದು ತಾರೀಖನ್ನು ಕೇಂದ್ರ ಮತ್ತು ತಮಿಳುನಾಡು ಸರ್ಕಾರಗಳು ಜಂಟಿಯಾಗಿ ಘೋಷಿಸಲಿ. ಬೋಟುಗಳನ್ನು ನ್ಯಾಯವಾದ ಬೆಲೆಗೆ ಸರ್ಕಾರವೇ ಕೊಂಡು ಒಡೆಯಲಿ, ಇನ್ನೊಂದು ಬಂದರಿಗೆ ಮಾರಾಟವಾಗಿ ಅಲ್ಲಿ ತಳ ಗುಡಿಸಲು ಬಿಡಬಾರದು. ಕಲಾಸಿಗಳಿಗೆ ಹಲವು ತಿಂಗಳ ಜೀವನಭತ್ಯೆ, ಬೀಡುಬಲೆಗೋ ಗಾಳಕ್ಕೋ ಬದಲಾಗುವವರಿಗೆ ತರಬೇತಿ, ಮನ್ನಾರ್ ಖಾರಿಯ ಬದಿಯಲ್ಲಿ ಈಗಾಗಲೇ ಕಟ್ಟಿರುವ ಮೂಕೈಯೂರು ಬಂದರಿಗೆ ಮಂಜುಗಡ್ಡೆ ಮತ್ತು ಮಾರುಕಟ್ಟೆಯ ವ್ಯವಸ್ಥೆ ಆಗಲಿ. ಜಪ್ತಿಯಾದ ಬೋಟಿಗೆ ಪರಿಹಾರ, ಜೈಲಿನಲ್ಲಿರುವವರ ಮನೆಗೆ ದಿನಭತ್ಯೆ, ತೆರಿಗೆ ವಿನಾಯಿತಿಯ ಡೀಸೆಲ್ ಎಂದು ಈಗಲೂ ಹಣ ಹೋಗುತ್ತಲೇ ಇದೆ.

ಅದರ ಬೆನ್ನಿಗೇ ಕೊಲಂಬೊದೊಡನೆ ಕೂತು, ಟ್ರಾಲ್ ಇಲ್ಲದ ಸಣ್ಣ ದೋಣಿಗಳಿಗೆ ಪರಸ್ಪರರ ನೀರಿನಲ್ಲಿ ಪರವಾನಗಿಯ ಮೇಲೆ ನಿಗದಿತ ದಿನಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಕೇಳಬೇಕು. 1976ರ ಪತ್ರಗಳೇ ಸ್ಪಷ್ಟ ಅನುಮತಿಗೆ ಅವಕಾಶ ಇಟ್ಟಿರುವುದರಿಂದ ಒಪ್ಪಂದವನ್ನು ಹರಿಯುವ ಪ್ರಮೇಯವೂ ಬರುವುದಿಲ್ಲ. ಶ್ರೀಲಂಕಾಗೂ ಹೇಳಬೇಕಾದದ್ದಿದೆ. ಅದರ ದಕ್ಷಿಣದ ಬಂದರುಗಳಿಂದ ಹೊರಟು ಹಲವು ದಿನ ಕಡಲಲ್ಲೇ ಇರುವ ಬೋಟುಗಳು ನಮ್ಮ ಆರ್ಥಿಕ ವಲಯಕ್ಕೆ ಬಂದು ನಮ್ಮ ಕರಾವಳಿ ಕಾವಲು ಪಡೆಗೆ ಸಿಕ್ಕಿಬೀಳುತ್ತಲೇ ಇವೆ, ಯಾಳ್ಪಾಣದ ಗುರುನಗರದಲ್ಲಿ ಅದರದೇ ನಿಷೇಧವನ್ನು ಮೀರಿ ಸಣ್ಣ ಟ್ರಾಲ್‌ಬೋಟುಗಳು ಓಡುತ್ತಿವೆ. ಜೀವನಕ್ಕಾಗಿ ಕೂಲಿಗೆ ಬಂದ ಕಲಾಸಿಯನ್ನು ತಿಂಗಳುಗಟ್ಟಲೆ ಜೈಲಿನಲ್ಲಿಡುವ ಬದಲು ಬೋಟನ್ನು ಮಾತ್ರ ಹಿಡಿದಿಟ್ಟು ಜನರನ್ನು ಬಿಡಿ ಎಂದು ಕೇಳುವ ನೈತಿಕ ಬಲ, ಟ್ರಾಲಿಂಗ್ ನಿಲ್ಲಿಸುವ ತಾರೀಖು ನಮ್ಮ ಕೈಯಲ್ಲಿದ್ದಾಗ ತಮಗೆ ಬರುತ್ತದೆ. 2024ರಲ್ಲಿ ಕಚ್ಚತೀವಿನ ಹಬ್ಬಕ್ಕೆ ಹೋಗುವುದಿಲ್ಲವೆಂದು ರಾಮೇಶ್ವರದ ಬೋಟಿನವರು ಬಹಿಷ್ಕಾರ ಹಾಕಿದ್ದು ಲಂಕೆಯ ಜೈಲಿನಲ್ಲಿದ್ದ ತಮ್ಮವರಿಗಾಗಿ ಎಂಬುದನ್ನೂ ಗಮನಿಸಬೇಕು. ಅವರು ಕೇಳಿದ್ದು ದ್ವೀಪವನ್ನಲ್ಲ, ತಮ್ಮ ಜನರನ್ನು.

ಕೆಲಸ ಎಲ್ಲಿಂದ ಶುರುಮಾಡಬೇಕು ಎಂಬುದಕ್ಕೆ ಒಂದು ಸಲಹೆಯಿದೆ. ಪೂರ್ವ ಕರಾವಳಿಯಲ್ಲಿ ಪ್ರತಿ ವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಂತ್ರದ ಬೋಟುಗಳಿಗೆ ರಜೆ. ಆಗ ರಾಮೇಶ್ವರ, ಮಂಡಪಂ, ಜಗದಾಪಟ್ಟಣಂ, ಕೋಟ್ಟೈಪಟ್ಟಣಂಗಳ ಟ್ರಾಲ್‌ಬೋಟುಗಳೆಲ್ಲ ದಡದಲ್ಲೇ ಇರುತ್ತವೆ, ಮೀನುಗಾರಿಕೆ ಇಲಾಖೆಯವರು ಹೇಗೂ ಅವುಗಳ ತಪಾಸಣೆಗೆ ಹೋಗುತ್ತಾರೆ. ಮುಂದಿನ ರಜೆಯಲ್ಲಿ ಆ ತಪಾಸಣೆಯ ಜೊತೆಗೇ ಪ್ರತಿ ಬೋಟಿನ ಬೆಲೆ, ಅದರ ಮೇಲಿನ ಸಾಲ, ಅದರಲ್ಲಿ ದುಡಿಯುವ ಕಲಾಸಿಗಳ ಹೆಸರು, ಯಾವ ಕಸುಬಿಗೆ ಬದಲಾಗಲು ಸಿದ್ಧ ಎಂಬ ವಿವರವನ್ನು ಬರೆದುಕೊಂಡು, ಜೂನ್ 15ರಂದು ಬೋಟುಗಳು ಮತ್ತೆ ಕಡಲಿಗಿಳಿಯುವ ಮೊದಲು ಆ ಪಟ್ಟಿಯನ್ನು ಸಂಸತ್ತಿನ ಮುಂದಿಡುವಂತೆ ತಮ್ಮಿಬ್ಬರನ್ನೂ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಉಡುಪಿ ಜಿಲ್ಲೆಯ ಒಬ್ಬ ನಾಗರಿಕ